ಟೆಕ್ನಿಕಲ್ ಪೇಪರ್‌ಗೆ ದನಿ ಕೊಡುವುದು ಹೇಗೆ?

ಕಣ್ಣು ಕಾಣದ ಎಂ.ಟೆಕ್ ವಿದ್ಯಾರ್ಥಿಗೋ, ಪಿಎಚ್.ಡಿ. ಮಾಡುತ್ತಿರುವವರಿಗೋ ಸಂಶೋಧನಾ ಪೇಪರ್ ಓದಿ ರೆಕಾರ್ಡ್ ಮಾಡಿಕೊಡಬೇಕು ಅಂತ ನಿಮಗೆ ಅನಿಸಿದೆ. ಒಳ್ಳೆಯದು. ಆದರೆ ಮೈಕ್ ಮುಂದೆ ಕೂರುವ ಮುಂಚೆ ಒಂದು ಮಾತು. ಇಡೀ ಪೇಪರನ್ನು ಮೊದಲಿಂದ ಕೊನೆವರೆಗೆ ಓದುವ ಕೆಲಸ ಈಗ ಎಷ್ಟೋ ಸಲ ಬೇಕಾಗಿಯೇ ಇಲ್ಲ. ಬರೀ ಅಕ್ಷರ ಇರುವ ಭಾಗವನ್ನು ಕಂಪ್ಯೂಟರೇ ಓದುತ್ತದೆ. ಎನ್‌ವಿಡಿಎ ಅಂತ ಉಚಿತ ಸ್ಕ್ರೀನ್ ರೀಡರ್ ಇದೆ, ಶುರುವಾಗಿದ್ದು 2006ರಲ್ಲಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಅಭ್ಯಾಸ ಇರುವವರು ಅದನ್ನು ಎಂಥ ವೇಗದಲ್ಲಿ ಕೇಳುತ್ತಾರೆ ಅಂದರೆ ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ಹತ್ತುವುದಿಲ್ಲ. ನೀವು ಅಬ್‌ಸ್ಟ್ರಾಕ್ಟ್ ಓದಿ ಮುಗಿಸುವಷ್ಟರಲ್ಲಿ ಅವರು ಇಂಟ್ರೊಡಕ್ಷನ್ ದಾಟಿರುತ್ತಾರೆ.

ಯಂತ್ರ ಸಿಕ್ಕಿಹಾಕಿಕೊಳ್ಳುವುದು ಬೇರೆ ಕಡೆ. ಪಿಡಿಎಫ್‌ನಲ್ಲಿರುವ ಈಕ್ವೇಷನ್, ಗ್ರಾಫ್, ಸರ್ಕ್ಯೂಟ್ ಚಿತ್ರ, ಎರಡು ಕಾಲಂ ಅಡ್ಡಡ್ಡ ಹರಡಿದ ಟೇಬಲ್, ಯಾವುದೋ ಕಾಲದಲ್ಲಿ ಸ್ಕ್ಯಾನ್ ಮಾಡಿಟ್ಟ ಮಸುಕು ಪುಟ. ಭಾಗಾಕಾರದ ಗೆರೆಯನ್ನು ಸ್ಕ್ರೀನ್ ರೀಡರ್ ನುಂಗಿಬಿಡುತ್ತದೆ, ಘಾತವನ್ನು ಪಕ್ಕದ ಅಂಕಿಗೆ ಅಂಟಿಸುತ್ತದೆ, ಗ್ರಾಫ್ ಬಂದರೆ ಸುಮ್ನೆ 'ಗ್ರಾಫಿಕ್' ಅಂದು ಮುಂದೆ ಹೋಗುತ್ತದೆ. ಅಲ್ಲಿ ಮನುಷ್ಯರು ಬೇಕು. ನಿಮ್ಮ ಶ್ರಮವೆಲ್ಲ ಅಲ್ಲಿಗೆ ಹಾಕಿ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಹಾಗಾಗಿ ಮೊದಲ ಕೆಲಸ ಕೇಳುವುದು. ಯಾರಿಗಾಗಿ ಓದುತ್ತೀರೋ ಅವರಿಗೇ ಫೋನ್ ಮಾಡಿ. ಯಾವ ಪೇಪರ್, ಯಾವ ಭಾಗ ಬೇಕು, ಯಾವ ದಿನದೊಳಗೆ ಬೇಕು? ಹುಟ್ಟಿನಿಂದಲೇ ಕಾಣದವರಾ, ಮೊದಲು ಕಂಡು ಆಮೇಲೆ ಹೋದದ್ದಾ? ಇದನ್ನು ಕೇಳಲು ಮುಜುಗರ ಬೇಡ. ಗ್ರಾಫ್ ವಿವರಿಸುವಾಗ ಇದರಿಂದ ನಿಜವಾಗಿ ವ್ಯತ್ಯಾಸ ಆಗುತ್ತದೆ. ಬ್ರೈಲ್ ಗಣಿತ ಗೊತ್ತಾ? ಡಿಸ್ಲೆಕ್ಸಿಯಾ, ಅಂದರೆ ಕಣ್ಣು ಕಂಡರೂ ಅಕ್ಷರ ಓದಲು ಕಷ್ಟ, ಇರುವವರು ಕೇಳಿದ್ದರೆ ಲೆಕ್ಕ ಬೇರೆ, ಅವರು ಪೇಪರ್ ಎದುರಿಗಿಟ್ಟುಕೊಂಡು ನಿಮ್ಮ ದನಿಯ ಜೊತೆ ಕಣ್ಣಾಡಿಸುತ್ತಾರೆ, ಅವರಿಗೆ ಪೂರ್ತಿ ಓದುವುದೇ ಸರಿ.

ಎರಡನೇ ಕೆಲಸ, ಪೇಪರ್‌ನ ಬೇರೆ ರೂಪ ಇದೆಯಾ ಅಂತ ಹುಡುಕುವುದು. ಸಂಶೋಧಕರು ತಮ್ಮ ಪೇಪರ್‌ಗಳನ್ನು ಎಲ್ಲರಿಗೂ ಸಿಗುವಂತೆ ಹಾಕುವ ಆರ್ಕೈವ್ (arXiv) ತಾಣದಲ್ಲಿರುವ ಪೇಪರ್ ಆದರೆ, 2023ರ ಡಿಸೆಂಬರ್‌ನಿಂದ ಅಲ್ಲಿ ಹೊಸ ಪೇಪರ್‌ಗಳಿಗೆ ಪಿಡಿಎಫ್ ಜೊತೆಗೆ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ರೂಪವನ್ನೂ ಕೊಡುತ್ತಿದ್ದಾರೆ, ಮಾಡಿದ್ದೇ ಇಂಥ ಓದುಗರ ಸಲುವಾಗಿ. ಅದರಲ್ಲಿ ಈಕ್ವೇಷನ್‌ಗಳು ಚಿತ್ರವಾಗಿ ಕೂತಿರುವುದಿಲ್ಲ. ಎನ್‌ವಿಡಿಎಗೆ ಮ್ಯಾಥ್‌ಕ್ಯಾಟ್ ಅನ್ನುವ ಜೋಡಣೆ ಹಾಕಿಕೊಂಡರೆ ಈಕ್ವೇಷನ್ನೂ ಓದಿಸಿಕೊಳ್ಳಬಹುದು. ಅಂಥ ಪೇಪರ್ ಸಿಕ್ಕರೆ ನಿಮಗೆ ಉಳಿಯುವುದು ಚಿತ್ರಗಳು ಮಾತ್ರ. ಅರ್ಧ ದಿನದ ಕೆಲಸ ಉಳಿಯಿತು, ಅಲ್ವಾ? ಎಚ್‌ಟಿಎಂಎಲ್ ಇಲ್ಲದಿದ್ದರೆ ಬರೆದವರು ಹಾಕಿರುವ ಲೇಟೆಕ್ (ಈಕ್ವೇಷನ್‌ಗಳನ್ನೂ ಅಕ್ಷರಗಳಲ್ಲೇ ಟೈಪ್ ಮಾಡುವ ವಿಧಾನ) ಮೂಲ ಫೈಲ್ ಅಲ್ಲಿಂದಲೇ ಇಳಿಸಿಕೊಳ್ಳಲು ಆಗುತ್ತದಾ ನೋಡಿ. ಲೇಟೆಕ್ ಬಲ್ಲ ವಿದ್ಯಾರ್ಥಿಗೆ ಎಷ್ಟೋ ಸಲ ಅದೇ ಸಾಕು. ಪಠ್ಯಪುಸ್ತಕವಾದರೆ ಸುಗಮ್ಯ ಪುಸ್ತಕಾಲಯದಲ್ಲಿ ಒಮ್ಮೆ ಹುಡುಕಿ, ಇಂಥ ಓದುಗರಿಗಾಗಿಯೇ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು.

ಕಾನೂನಿನ ವಿಷಯ ಬೇಗ ಮುಗಿಸೋಣ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಸೆಕ್ಷನ್ 52(1)ರ ಝಡ್‌ಬಿ ಭಾಗದ ಪ್ರಕಾರ, ಅಂಗವೈಕಲ್ಯ ಇರುವವರು ಓದಲು ಆಗುವಂತೆ ಯಾವ ಕೃತಿಯನ್ನಾದರೂ ಬೇರೆ ರೂಪಕ್ಕೆ ತರಬಹುದು. ಅವರ ಸ್ವಂತ ಬಳಕೆಗೆ, ಓದಿಗೆ, ಸಂಶೋಧನೆಗೆ ಕೊಡಬಹುದು. ಲಾಭ ಮಾಡುವಂತಿಲ್ಲ, ತಯಾರಿಸಿದ ಖರ್ಚು ಮಾತ್ರ ಪಡೆಯಬಹುದು. ಇದೇ ಉದ್ದೇಶದ ಮರಾಕೆಶ್ ಒಪ್ಪಂದ 2013ರಲ್ಲಿ ಆಯಿತು, ಮಾರನೇ ವರ್ಷ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಇಷ್ಟು ಅವಕಾಶ ಇದೆ ಅಂತ ರೆಕಾರ್ಡಿಂಗ್ ತೆಗೆದುಕೊಂಡು ಹೋಗಿ ಯೂಟ್ಯೂಬ್‌ಗೆ ಹಾಕಬೇಡಿ. ಕ್ಲಾಸಿನ ವಾಟ್ಸಾಪ್ ಗುಂಪಿಗೂ ಬೇಡ. ಬೇಕಾದವರಿಗೆ ಕೊಡಿ, ಅಷ್ಟೇ.

ಯಾರು ಓದಬೇಕು?

ದನಿ ಚೆನ್ನಾಗಿರುವವರಲ್ಲ, ವಿಷಯ ಗೊತ್ತಿರುವವರು. ಕಾಲೇಜು ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡುವ ಹುಡುಗಿಯ ದನಿ ಎಷ್ಟೇ ಸೊಗಸಾಗಿದ್ದರೂ ಸಿಗ್ಮಾ ಕಂಡಾಗ ಅದು ಮೊತ್ತದ ಗುರುತೋ, ಸ್ಟ್ಯಾಂಡರ್ಡ್ ಡೀವಿಯೇಷನ್ನೋ, ಸ್ಟ್ರೆಸ್ಸೋ ಅಂತ ತಿಳಿಯದೆ ಹೋದರೆ ಓದು ಕೆಡುತ್ತದೆ. ಈ ಲೆಕ್ಕದಲ್ಲಿ ನಮ್ಮ ದಾವಣಗೆರೆಯವರು ಪುಣ್ಯವಂತರು. ಎಂಜಿನಿಯರಿಂಗ್‌ಗೆ ಯುಬಿಡಿಟಿ ಇದೆ, ಬಿಐಇಟಿ ಇದೆ, ಜೆಜೆಎಂ ಮೆಡಿಕಲ್ ಇದೆ, ವಿಶ್ವವಿದ್ಯಾಲಯವೂ ಇದೆ. ಸಿವಿಲ್ ಪೇಪರ್‌ಗೆ ಸಿವಿಲ್ ಓದುತ್ತಿರುವವರು, ಫಾರ್ಮಕಾಲಜಿಗೆ ಮೆಡಿಕಲ್ ಹುಡುಗರು ಅಂತ ಹಂಚಿಕೊಳ್ಳಿ. ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಕೇಳಿದರೆ ಹೆಸರು ಕೊಡುವವರು ಸಿಗುತ್ತಾರೆ. ಅದರಲ್ಲಿ ಎರಡನೇ ಸಲವೂ ಬರುವವರು ಎಷ್ಟು ಜನ ಅನ್ನುವುದು ಬೇರೆ ಪ್ರಶ್ನೆ. ನಿವೃತ್ತ ಮೇಷ್ಟ್ರುಗಳನ್ನು ಮರೆಯಬೇಡಿ. ಬೋರ್ಡಿನ ಮೇಲೆ ಬರೆಯುತ್ತಾ ಬಾಯಲ್ಲೂ ಹೇಳಿದ ಅಭ್ಯಾಸ ಅವರಿಗಿರುತ್ತದೆ, ಈ ಕೆಲಸಕ್ಕೆ ಬೇಕಾಗಿರುವುದೇ ಅದು.

ಉಚ್ಚಾರಣೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲಿಷರ ಹಾಗೆ ಓದಲು ಹೋಗಬೇಡಿ, ಕೇಳುವವರೂ ನಮ್ಮ ಕಡೆಯವರೇ. ಎಲ್ ಅನ್ನು 'ಯೆಲ್' ಅಂದರೂ ಪರವಾಗಿಲ್ಲ, ಕೊನೆತನಕ ಹಾಗೇ ಅನ್ನಿ.

ಪೆನ್ಸಿಲ್ ಹಿಡಿದು ಒಂದು ಓದು

ರೆಕಾರ್ಡಿಂಗ್‌ಗಿಂತ ಜಾಸ್ತಿ ಸಮಯ ಹಿಡಿಯುವುದು ಇದು. ಹಿಡಿಯಲಿ ಬಿಡಿ. ಪೇಪರನ್ನು ಪ್ರಿಂಟ್ ತೆಗೆಸಿ, ಒಂದು ಪಕ್ಕ ಮಾತ್ರ. ಪುಟ ಮಗುಚುವ ಸದ್ದು ಇರುವುದಿಲ್ಲ, ಹಾಳೆ ಪಕ್ಕಕ್ಕೆ ಸರಿಸಿದರೆ ಆಯಿತು. ಒಂದು ಸಲ ಪೂರ್ತಿ ಓದಿ. ಗೊತ್ತಿಲ್ಲದ ಗುರುತು ಬಂದ ಕಡೆ ಸುತ್ತು ಹಾಕಿ, ಅದೇನು ಅಂತ ಯಾರನ್ನಾದರೂ ಕೇಳಿ ತಿಳಿದುಕೊಳ್ಳಿ. ಊಹೆ ಮಾಡಬೇಡಿ. ಗ್ರೀಕಿನ 'ನ್ಯೂ' ನೋಡಲು ಇಂಗ್ಲಿಷಿನ ಸಣ್ಣ 'ವಿ' ಹಾಗೇ ಇರುತ್ತದೆ. ದ್ರವಗಳ ಹರಿವಿನ ಪೇಪರ್‌ನಲ್ಲಿ ಒಂದು ಸ್ನಿಗ್ಧತೆ, ಇನ್ನೊಂದು ವೇಗ. ಅದಲುಬದಲು ಓದಿದರೆ ಈಕ್ವೇಷನ್ನೇ ಬೇರೆಯಾಗುತ್ತದೆ. ಕೇಳುವವರು ತಪ್ಪು ತಮ್ಮದೇ ಅಂದುಕೊಂಡು ಒದ್ದಾಡುತ್ತಾರೆ.

ಕ್ಯಾಪಿಟಲ್ ಅಕ್ಷರ ಬಂದಾಗಲೆಲ್ಲ 'ಕ್ಯಾಪ್' ಸೇರಿಸಿ: ಕ್ಯಾಪ್ ಆರ್, ಕ್ಯಾಪ್ ಟಿ. ಪೇಪರ್‌ನಲ್ಲಿ ಸಣ್ಣ ರೂಪ ಇಲ್ಲವೇ ಇಲ್ಲ ಅಂದರೆ ಶುರುವಿನಲ್ಲೇ ಹೇಳಿ ಬಿಟ್ಟುಬಿಡಬಹುದು. ಎಂ ಮತ್ತು ಎನ್, ಬಿ ಮತ್ತು ಡಿ, ಫೋನಿನ ಸ್ಪೀಕರ್‌ನಲ್ಲಿ ಒಂದೇ ತರಹ ಕೇಳುತ್ತವೆ, ಆ ಜಾಗದಲ್ಲಿ ನಿಧಾನ ಮಾಡಿ. ಫಿಫ್ಟೀನ್, ಫಿಫ್ಟಿ ಗೊಂದಲ ಎಲ್ಲರಿಗೂ ಗೊತ್ತು, ಅದಕ್ಕೇ ಅಂಕಿಗಳನ್ನು ಬಿಡಿಬಿಡಿಯಾಗಿ 'ಒನ್ ಫೈವ್' ಅನ್ನುವುದು ಒಳ್ಳೆಯದು. ಸೊನ್ನೆಗೆ 'ಓ' ಅನ್ನಬೇಡಿ, 'ಜೀರೋ' ಅನ್ನಿ. ಮೈನಸ್ ಗುರುತಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿಟ್ಟುಕೊಳ್ಳಿ. ಓದುವಾಗ ಹೆಚ್ಚು ತಪ್ಪಿಹೋಗುವ ಗುರುತು ಅದೇ.

ಈಕ್ವೇಷನ್

ನಿಯಮ ಒಂದೇ: ಎಲ್ಲಿ ಶುರು, ಎಲ್ಲಿ ಮುಗಿಯಿತು, ಎರಡೂ ಬಾಯಿಂದ ಬರಬೇಕು. 'ಎ ಓವರ್ ಬಿ ಪ್ಲಸ್ ಸಿ' ಅಂದರೆ ಸಿ ಗೆರೆಯ ಕೆಳಗಿದೆಯೋ ಪಕ್ಕದಲ್ಲಿದೆಯೋ? ಕಾಣುವವರಿಗೆ ಗೆರೆ ಹೇಳುತ್ತದೆ, ಕೇಳುವವರಿಗೆ ನೀವೇ ಹೇಳಬೇಕು. 'ಬಿಗಿನ್ ಫ್ರ್ಯಾಕ್ಷನ್, ಎ ಓವರ್ ಬಿ ಪ್ಲಸ್ ಸಿ, ಎಂಡ್ ಫ್ರ್ಯಾಕ್ಷನ್' ಅಂದರೆ ಸಿ ಕೆಳಗೆ. 'ಬಿಗಿನ್ ಫ್ರ್ಯಾಕ್ಷನ್, ಎ ಓವರ್ ಬಿ, ಎಂಡ್ ಫ್ರ್ಯಾಕ್ಷನ್, ಪ್ಲಸ್ ಸಿ' ಅಂದರೆ ಸಿ ಹೊರಗೆ. ಹಾಗೇ 'ಎಕ್ಸ್ ಸಬ್ ಐ ಪ್ಲಸ್ ಒನ್' ಅಂದಾಗ ಆ ಒಂದು ಎಕ್ಸ್‌ನ ಕಾಲಡಿ ಇದೆಯೋ ಸಾಲಿನಲ್ಲೇ ಇದೆಯೋ ತಿಳಿಯುವುದಿಲ್ಲ. ಸಾಲಿಗೆ ವಾಪಸ್ ಬಂದಾಗ 'ಬೇಸ್‌ಲೈನ್' ಅನ್ನಿ. 'ಎಕ್ಸ್ ಸಬ್ ಐ ಬೇಸ್‌ಲೈನ್ ಪ್ಲಸ್ ಒನ್.' ಗೊಂದಲ ಮುಗಿಯಿತು.

ಈ ರೀತಿ ನಮ್ಮದಲ್ಲ. ಮ್ಯಾಥ್‌ಸ್ಪೀಕ್ ಅಂತ ಇದಕ್ಕೆ ಹೆಸರು, ಇದರ ಹಿಂದೆ ಇದ್ದವರು ಅಬ್ರಹಾಂ ನೆಮೆತ್, ಸ್ವತಃ ಕಣ್ಣು ಕಾಣದ ಗಣಿತ ಮೇಷ್ಟ್ರು. ಗಣಿತಕ್ಕೆ ಬ್ರೈಲ್ ಲಿಪಿ ಮಾಡಿದವರೂ ಅವರೇ. ಇನ್ನೊಬ್ಬರ ವಿಷಯ ಹೇಳದೆ ಇರಲಾರೆ. ಟಿ.ವಿ. ರಾಮನ್, ಪುಣೆಯ ಕಡೆಯವರು, ಹದಿಹರೆಯದಲ್ಲಿ ದೃಷ್ಟಿ ಹೋಯಿತು, ಐಐಟಿ ಬಾಂಬೆಯಲ್ಲಿ ಓದಿ ಅಮೆರಿಕದ ಕಾರ್ನೆಲ್‌ಗೆ ಹೋದರು. ಅಲ್ಲಿ 1994ರಲ್ಲಿ ಪಿಎಚ್.ಡಿ.ಗೆ ಅಂತ ಮಾಡಿದ ಆಸ್ಟರ್ ಅನ್ನುವ ತಂತ್ರಾಂಶ ಲೇಟೆಕ್ ಪೇಪರ್‌ಗಳನ್ನು ಓದಿ ಹೇಳುತ್ತಿತ್ತು, ಅದರಲ್ಲೂ ಘಾತ ಬಂದರೆ ದನಿಯ ಸ್ಥಾಯಿ ಮೇಲೆ, ಸಬ್‌ಸ್ಕ್ರಿಪ್ಟ್ ಬಂದರೆ ಕೆಳಗೆ. ನಮ್ಮ ಗಂಟಲಿಗೆ ಅಷ್ಟು ಸಂಗೀತ ಬರುವುದಿಲ್ಲ. ನಾವು ಪದಗಳಲ್ಲೇ ಹೇಳೋಣ.

ಒಂದು ನಿಜವಾದ ಈಕ್ವೇಷನ್ ತೆಗೆದುಕೊಳ್ಳಿ. ಈಗಿನ ಚಾಟ್‌ಬಾಟ್‌ಗಳೆಲ್ಲ ನಿಂತಿರುವ, 2017ರಲ್ಲಿ ಬಂದ ಅಟೆನ್ಷನ್ ಸೂತ್ರ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಇದನ್ನು ಕೇಳಿಯೇ ಕೇಳುತ್ತಾರೆ. ಅದನ್ನು ಹೀಗೆ ಓದಬೇಕು ('ಪ್ಯಾರೆನ್' ಅಂದರೆ ದುಂಡು ಬ್ರಾಕೆಟ್): 'ಅಟೆನ್ಷನ್ ಆಫ್, ಓಪನ್ ಪ್ಯಾರೆನ್, ಕ್ಯಾಪ್ ಕ್ಯೂ ಕಾಮಾ ಕ್ಯಾಪ್ ಕೆ ಕಾಮಾ ಕ್ಯಾಪ್ ವಿ, ಕ್ಲೋಸ್ ಪ್ಯಾರೆನ್, ಈಕ್ವಲ್ಸ್, ಸಾಫ್ಟ್‌ಮ್ಯಾಕ್ಸ್ ಆಫ್, ಓಪನ್ ಪ್ಯಾರೆನ್, ಬಿಗಿನ್ ಫ್ರ್ಯಾಕ್ಷನ್, ಕ್ಯಾಪ್ ಕ್ಯೂ ಕ್ಯಾಪ್ ಕೆ ಟ್ರಾನ್ಸ್‌ಪೋಸ್, ಓವರ್, ಬಿಗಿನ್ ರೂಟ್, ಡಿ ಸಬ್ ಕೆ, ಎಂಡ್ ರೂಟ್, ಎಂಡ್ ಫ್ರ್ಯಾಕ್ಷನ್, ಕ್ಲೋಸ್ ಪ್ಯಾರೆನ್, ಕ್ಯಾಪ್ ವಿ.' ಕೊನೆಯ ಆ 'ಕ್ಯಾಪ್ ವಿ' ನೋಡಿ. ಅದಕ್ಕೂ ಮುಂಚೆ 'ಎಂಡ್ ಫ್ರ್ಯಾಕ್ಷನ್', 'ಕ್ಲೋಸ್ ಪ್ಯಾರೆನ್' ಎರಡೂ ಹೇಳಿದ್ದರಿಂದಲೇ ಅದು ಸಾಫ್ಟ್‌ಮ್ಯಾಕ್ಸ್‌ನ ಆಚೆ ಗುಣಿಸಿಕೊಂಡು ನಿಂತಿದೆ ಅಂತ ಗೊತ್ತಾಗುವುದು. ಒಂದನ್ನು ಬಿಟ್ಟಿದ್ದರೂ ವಿ ಒಳಗೆ ಹೋಗಿಬಿಡುತ್ತಿತ್ತು. ಇನ್ನೊಂದು ಸೂಕ್ಷ್ಮ, ಅಲ್ಲಿರುವುದು ಟ್ರಾನ್ಸ್‌ಪೋಸ್‌ನ (ಮ್ಯಾಟ್ರಿಕ್ಸ್‌ನ ಸಾಲು, ಕಾಲಂ ಅದಲುಬದಲು ಮಾಡುವುದು) ಟಿ, ಅದನ್ನು 'ಕೆ ಟು ದ ಪವರ್ ಟಿ' ಅಂತ ಓದಿದರೆ ಅರ್ಥ ಹಾಳು. ವಿಷಯ ಗೊತ್ತಿರುವವರೇ ಓದಲಿ ಅಂದದ್ದು ಇದಕ್ಕೇ.

ಇದನ್ನೆಲ್ಲ ಮೈಕ್ ಮುಂದೆ ಕೂತು ಆ ಕ್ಷಣಕ್ಕೆ ಕಟ್ಟಲು ಆಗುವುದಿಲ್ಲ. ಪ್ರತಿ ಈಕ್ವೇಷನ್‌ನ ಮಾತಿನ ರೂಪವನ್ನು ಮೊದಲೇ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಾದರೂ ಬರೆದಿಟ್ಟುಕೊಳ್ಳಿ. ತುಂಬಾ ಉದ್ದದ್ದಾದರೆ ಓದುವ ಮುಂಚೆ ಆಕಾರ ಹೇಳಿ: 'ಬಲಗಡೆ ಮೂರು ಪದಗಳ ಮೊತ್ತ ಇದೆ, ಎರಡನೆಯದರಲ್ಲಿ ಇಂಟಿಗ್ರಲ್.' ಆಮೇಲೆ ಓದಿ. ಈಕ್ವೇಷನ್ ನಂಬರ್ ಕಾಗದದಲ್ಲಿ ಕೊನೆಗೆ ಇರುತ್ತದೆ, ನೀವು ಮೊದಲೇ ಹೇಳಿಬಿಡಿ. ವಾಪಸ್ ಹುಡುಕುವವರಿಗೆ ಅನುಕೂಲ.

ನಿಮ್ಮ ಮಾತು ಕನ್ನಡದಲ್ಲಿರಲಿ

ಪೇಪರ್ ಇಂಗ್ಲಿಷಿನಲ್ಲಿದೆ, ಅದರ ಮಾತನ್ನು ಇಂಗ್ಲಿಷಿನಲ್ಲೇ ಓದಿ. ನೀವು ಸೇರಿಸುವುದನ್ನೆಲ್ಲ, ಚಿತ್ರದ ವಿವರ, ಟೇಬಲ್‌ನ ಆಕಾರ, 'ಇಲ್ಲಿ ಅಚ್ಚಿನ ತಪ್ಪು ಇರಬಹುದು' ಅನ್ನುವ ಮಾತು, ಎಲ್ಲವನ್ನೂ ಕನ್ನಡದಲ್ಲಿ ಹೇಳಿ. ಭಾಷೆ ಬದಲಾದ ಕೂಡಲೇ ಕೇಳುವವರಿಗೆ ಗೊತ್ತಾಗುತ್ತದೆ, ಇದು ಬರೆದವರದ್ದಲ್ಲ, ಓದಿದವರದ್ದು ಅಂತ. ಥೀಸಿಸ್‌ನಲ್ಲಿ ಉದಾಹರಿಸುವಾಗ ಈ ವ್ಯತ್ಯಾಸ ಗೊತ್ತಿರಲೇಬೇಕು. ಕೇಳುವವರಿಗೆ ಕನ್ನಡ ಬರದಿದ್ದರೆ 'ರೀಡರ್ಸ್ ನೋಟ್' ಅಂತ ಶುರು ಮಾಡಿ 'ಎಂಡ್ ನೋಟ್' ಅಂತ ಮುಗಿಸಿ.

ಚಿತ್ರ ವಿವರಿಸುವುದಕ್ಕೆ ಒಂದು ಮಾದರಿ ಕೊಡುತ್ತೇನೆ. ಸಿಮೆಂಟಿನ ಬದಲು ಭತ್ತದ ಹೊಟ್ಟಿನ ಬೂದಿ ಬೆರೆಸಿದ ಕಾಂಕ್ರೀಟ್ ಬಗ್ಗೆ ಒಂದು ಪೇಪರ್ ಇದೆ ಅಂದುಕೊಳ್ಳಿ. ಭದ್ರಾ ನಾಲೆ ನೀರಿನ ಸೀಮೆ ನಮ್ಮದು, ರೈಸ್ ಮಿಲ್‌ಗೂ ಹೊಟ್ಟಿಗೂ ಬರವಿಲ್ಲ, ಇಂಥ ಪೇಪರ್ ನಿಮ್ಮ ಕೈಗೆ ಬಂದರೆ ಆಶ್ಚರ್ಯವೂ ಇಲ್ಲ. ಅದರ ಗ್ರಾಫ್ ಹೀಗೆ ಹೇಳಬಹುದು:

'ಓದುಗರ ಟಿಪ್ಪಣಿ. ಚಿತ್ರ ಮೂರು. ಗೆರೆ ಗ್ರಾಫ್. ಅಡ್ಡ ಅಕ್ಷದಲ್ಲಿ ಬೂದಿಯ ಶೇಕಡಾ ಪ್ರಮಾಣ, ಸೊನ್ನೆಯಿಂದ ಇಪ್ಪತ್ತರವರೆಗೆ, ಐದೈದು ಅಂತರದಲ್ಲಿ. ನೇರ ಅಕ್ಷದಲ್ಲಿ ಕಂಪ್ರೆಸಿವ್ ಸ್ಟ್ರೆಂತ್, ಮೆಗಾಪಾಸ್ಕಲ್‌ನಲ್ಲಿ, ಇಪ್ಪತ್ತರಿಂದ ನಲವತ್ತು. ಗೆರೆ ಎರಡು: ಏಳು ದಿನ ಕ್ಯೂರಿಂಗ್ ಮಾಡಿದ್ದು, ಇಪ್ಪತ್ತೆಂಟು ದಿನ ಮಾಡಿದ್ದು. ಇಪ್ಪತ್ತೆಂಟು ದಿನದ ಗೆರೆ ಉದ್ದಕ್ಕೂ ಮೇಲಿದೆ. ಎರಡೂ ಶೇಕಡಾ ಹತ್ತರವರೆಗೆ ಏರಿ ಆಮೇಲೆ ಇಳಿಯುತ್ತವೆ. ಮೇಲಿನ ಗೆರೆಯ ತುದಿ ಸುಮಾರು ಮೂವತ್ತಾರು, ಇದು ಗ್ರಾಫ್ ನೋಡಿ ಮಾಡಿದ ಅಂದಾಜು. ಟಿಪ್ಪಣಿ ಮುಗಿಯಿತು.'

ಗಮನಿಸಿ, ಮೊದಲು ಎಂಥ ಚಿತ್ರ, ಆಮೇಲೆ ಅಕ್ಷ, ಆಮೇಲೆ ಗೆರೆಗಳ ನಡೆ, ಕೊನೆಗೆ ಅಂಕಿ. ಕೆಂಪು ಗೆರೆ, ನೀಲಿ ಗೆರೆ ಅನ್ನುವುದು ಇಲ್ಲಿ ಬೇಕಾಗಿಲ್ಲ, ಪಠ್ಯದಲ್ಲಿ ಬಣ್ಣದ ಹೆಸರು ಹಿಡಿದು ಮಾತಾಡಿದ್ದರೆ ಮಾತ್ರ ಹೇಳಿ. 'ಇದರಿಂದ ಶೇಕಡಾ ಹತ್ತೇ ಉತ್ತಮ ಅಂತ ತಿಳಿಯುತ್ತದೆ' ಅಂತ ತೀರ್ಪು ಕೊಡಬೇಡಿ. ಗ್ರಾಫಿನಿಂದ ಏನು ತಿಳಿಯುತ್ತದೆ ಅನ್ನುವುದು ಕೇಳುವವರ ಕೆಲಸ, ಅವರೇ ಸಂಶೋಧಕರು. ನಾವು ಓದಿ ಹೇಳಲು ಬಂದವರು, ಪಾಠ ಮಾಡಲು ಅಲ್ಲ. ಒಳ್ಳೆಯ ಮನಸ್ಸಿನ ಸ್ವಯಂಸೇವಕರು ಹೆಚ್ಚಾಗಿ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಟೇಬಲ್ ಸಣ್ಣದಾದರೆ ಓದಿ: ಎಷ್ಟು ಸಾಲು, ಎಷ್ಟು ಕಾಲಂ, ತಲೆಬರಹಗಳು, ಆಮೇಲೆ ಸಾಲುಸಾಲಾಗಿ, ಪ್ರತಿ ಅಂಕಿಯ ಮುಂಚೆ ಕಾಲಂನ ಹೆಸರು. ದೊಡ್ಡದಾದರೆ ಓದಲೇಬೇಡಿ, ಎಕ್ಸೆಲ್ ಶೀಟ್‌ನಲ್ಲಿ ಟೈಪ್ ಮಾಡಿ ಕೊಡಿ. ಪ್ರೋಗ್ರಾಂ ಕೋಡ್‌ಗೂ ರೆಫರೆನ್ಸ್ ಪಟ್ಟಿಗೂ ಇದೇ ಮಾತು, ಟೆಕ್ಸ್ಟ್ ಫೈಲ್ ಸಾಕು. ಸಾಲಿನ ಮಧ್ಯೆ ಬರುವ ಬ್ರಾಕೆಟ್ ನಂಬರ್‌ಗಳನ್ನು ಓದಬೇಕಾ ಬಿಡಬೇಕಾ ಅಂತ ಮೊದಲೇ ಕೇಳಿಕೊಂಡಿರಿ.

ಕೋಣೆ, ಫೋನ್, ಸದ್ದು

ಸ್ಟುಡಿಯೋ ಬೇಡ. ಫೋನ್ ಸಾಕು, ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಲ್ಯಾಪ್‌ಟಾಪ್ ಇದ್ದರೆ ಉಚಿತವಾಗಿ ಸಿಗುವ ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿ ಹಾಕಿಕೊಳ್ಳಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಓರೆಗೆ. 'ಪ', 'ಬ' ಅಂದಾಗಿನ ಉಸಿರು ಆಗ ಮೈಕ್‌ಗೆ ಹೊಡೆಯುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಗುಂಯ್ ಅನ್ನುವ ಸದ್ದು ಎಷ್ಟೋ ಸಲ ಅದರಿಂದಲೇ ಬರುತ್ತದೆ.

ನಮ್ಮೂರಿನ ದೊಡ್ಡ ಕಷ್ಟ ಫ್ಯಾನು. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿ ಕೂರುವುದು ಅಂದರೆ ಶಿಕ್ಷೆ. ಬೆಳಗಿನ ಜಾವ ಎದ್ದು ಮಾಡುವುದೇ ಮೇಲು, ಅಷ್ಟು ಹೊತ್ತಿಗೆ ಸೊಪ್ಪಿನವರ ಕೂಗು, ಆಟೋ, ಕುಕ್ಕರ್ ಸೀಟಿ ಯಾವುದೂ ಇರುವುದಿಲ್ಲ. ರೈಲ್ವೆ ಹಳಿಯ ಆಸುಪಾಸು ಮನೆ ಇರುವವರು ಹಾರ್ನ್ ಬಂದಾಗ ಸುಮ್ಮನಾಗಿ, ಗಾಡಿ ಹೋದ ಮೇಲೆ ಆ ವಾಕ್ಯವನ್ನು ಮೊದಲಿಂದ ಓದಿ. ದುಗ್ಗಮ್ಮನ ಜಾತ್ರೆ ವಾರದಲ್ಲಿ ರೆಕಾರ್ಡಿಂಗ್ ಮಾತೇ ಎತ್ತಬೇಡಿ, ಆ ದಿನಗಳಲ್ಲಿ ಪೆನ್ಸಿಲ್ ಕೆಲಸ ಮಾಡಿಕೊಳ್ಳಿ. ಗೋಡೆಗೆ ಬಡಿದು ದನಿ ಗುಂಯ್ಗುಡುತ್ತಿದ್ದರೆ ಎದುರಿಗೆ ಕೌದಿ ನೇತುಹಾಕಿ, ಗಾದಿಯನ್ನು ಗೋಡೆಗೆ ಒರಗಿಸಿ. ಹತ್ತಿ ಗಿರಣಿಗಳಿದ್ದ ಊರಿನಲ್ಲಿ ಗಾದಿ ಸಿಗದೆ ಏನು. ಬಾಯಿ ಒಣಗಿದರೆ ಟಪ್ ಟಪ್ ಸದ್ದು ಬರುತ್ತದೆ, ನೀರು ಪಕ್ಕದಲ್ಲಿರಲಿ. ಮಂಡಕ್ಕಿ ಮಿರ್ಚಿ ಓದಿ ಮುಗಿಸಿದ ಮೇಲೆ.

ಶುರು ಮಾಡುವಾಗ ಹತ್ತು ಸೆಕೆಂಡ್ ಸುಮ್ಮನಿರಿ. ಆ ಖಾಲಿ ಸದ್ದನ್ನು ಮಾದರಿಯಾಗಿ ಕೊಟ್ಟರೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಉಳಿದ ಕಡೆಯೂ ಅದನ್ನು ತೆಗೆಯುತ್ತದೆ. ಸ್ವಲ್ಪವೇ ಬಳಸಿ, ಜಾಸ್ತಿ ಮಾಡಿದರೆ ದನಿ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ತಪ್ಪು ಓದಿದರೆ ನಿಲ್ಲಿಸಬೇಡಿ. ಜೋರಾಗಿ ಒಂದು ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿಂದ ಮತ್ತೆ ಓದಿ. ಎಡಿಟ್ ಮಾಡುವಾಗ ಚಪ್ಪಾಳೆ ಜಾಗ ಎತ್ತರದ ಗೆರೆಯಾಗಿ ಕಣ್ಣಿಗೆ ಬೀಳುತ್ತದೆ, ಅದರ ಹಿಂದಿನದನ್ನು ಕತ್ತರಿಸಿ. ಮೆಲ್ಲಗೆ ಓದಬೇಕು ಅಂತೇನೂ ಇಲ್ಲ, ಮಾಮೂಲಿ ಮಾತಿನ ವೇಗ ಸಾಕು. ಕೇಳುವವರು ಹೇಗೂ ಒಂದೂವರೆ ಪಟ್ಟು ಮಾಡಿಕೊಳ್ಳುತ್ತಾರೆ. ಅದಕ್ಕೇ ಪದಗಳ ತುದಿ ನುಂಗಬೇಡಿ.

ಪೇಪರ್‌ನ ಒಂದು ಭಾಗಕ್ಕೆ ಒಂದು ಫೈಲ್ ಮಾಡಿ, ಹೆಸರಿನ ಮುಂದೆ 01, 02 ಹಾಕಿ, ಇಲ್ಲದಿದ್ದರೆ ಫೋನಿನಲ್ಲಿ ಹತ್ತನೆಯದು ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ಚಿತ್ರಗಳ ವಿವರಕ್ಕೆ ಬೇರೆ ಫೈಲ್ ಇದ್ದರೆ ಇನ್ನೂ ಒಳ್ಳೆಯದು. ಎಂಪಿ3, ಮೋನೋ, 64 ಕೆಬಿಪಿಎಸ್ ಸಾಕು, ಒಂದು ಗಂಟೆಯ ಓದು 30 ಎಂಬಿ ಒಳಗೆ ಬರುತ್ತದೆ. ಮೊದಲ ಫೈಲಿನಲ್ಲಿ ಪೇಪರ್ ಹೆಸರು, ಬರೆದವರು, ವರ್ಷ, ಪುಟ ಎಷ್ಟು, ಚಿತ್ರ ಎಷ್ಟು, 'ಕ್ಯಾಪ್' 'ಬೇಸ್‌ಲೈನ್' ಅಂದರೆ ಏನು, ಏನೇನು ಬಿಟ್ಟಿದ್ದೀರಿ, ಇಷ್ಟನ್ನು ಹೇಳಿ.

ಕೊಡುವ ಮುಂಚೆ ಇನ್ನೊಬ್ಬರು ಪೇಪರ್ ಕೈಯಲ್ಲಿ ಹಿಡಿದು ಕೇಳಲೇಬೇಕು. ಓದಿದವರೇ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ. ಕೆಮ್ಮು, ನಾಯಿ ಬೊಗಳಿದ್ದು, ಒಂದು ಪದ ತಡವರಿಸಿದ್ದು, ಇವಕ್ಕೆಲ್ಲ ಮತ್ತೆ ರೆಕಾರ್ಡ್ ಮಾಡಬೇಡಿ. ಮೈನಸ್ ಬಿಟ್ಟುಹೋಗಿದ್ದರೆ, 'ನಾಟ್' ಬಿಟ್ಟುಹೋಗಿದ್ದರೆ, ಯೂನಿಟ್ ತಪ್ಪಿದ್ದರೆ, 'ಎಂಡ್ ಫ್ರ್ಯಾಕ್ಷನ್' ಇಲ್ಲದಿದ್ದರೆ ಆ ಸಾಲನ್ನು ಖಂಡಿತ ಮತ್ತೆ ಓದಬೇಕು. ಮತ್ತೆ, ಪೂರ್ತಿ ಆಗಲಿ ಅಂತ ಕಾಯಬೇಡಿ. ಮೊದಲ ಭಾಗ ಮುಗಿದ ಕೂಡಲೇ ಕಳಿಸಿ, ಕೇಳಿದವರು ಏನು ಹೇಳುತ್ತಾರೆ ನೋಡಿ, ಆಮೇಲೆ ಎರಡನೆಯದಕ್ಕೆ ಕೂರಿ. 'ಕ್ಯಾಪ್ ಕ್ಯಾಪ್ ಅಂತ ತಲೆ ತಿನ್ನಬೇಡಿ, ನನಗೆ ಗೊತ್ತಾಗುತ್ತೆ' ಅಂತ ಅವರು ಅಂದರೆ ಮೇಲೆ ಹೇಳಿದ್ದನ್ನು ಬದಿಗಿಟ್ಟು ಅವರು ಹೇಳಿದ ಹಾಗೆ ಓದಿ.